ಕೌದಿ ಹೊತ್ತುಕೊಂಡು ಪಾಲ್ಪಾಕ್ಕೆ

ಬೆಟಗೇರಿ

ನೇಪಾಳಕ್ಕೆ ಹೋಗಿಬಂದೆ ಎಂದರೆ ಜನ ಮೊದಲು ಕೇಳುವುದು ಪಶುಪತಿನಾಥನ ದರ್ಶನ ಆಯಿತೇ ಎಂದು. ಇಲ್ಲ, ಆಗಲಿಲ್ಲ. ಎರಡನೆಯದು ಹಿಮದ ಶಿಖರ. ಅದನ್ನು ಒಂದು ಬೆಳಿಗ್ಗೆ ಮೋಡ ಸರಿದಾಗ ಒಂದಿಷ್ಟು ನೋಡಿದೆ. ಆದರೆ ಆ ಹೊತ್ತಿಗೆ ಸರಿಯಾಗಿ ನಮ್ಮ ಮನೆಯವರ ಚಪ್ಪಲಿಯ ಪಟ್ಟಿ ಕಿತ್ತುಬಂದು, ಅದಕ್ಕೆ ಪಿನ್ನು ಚುಚ್ಚುವ ಗಡಿಬಿಡಿಯಲ್ಲಿದ್ದೆ. ನಾವು ದೇವರಿಗೋ ಹಿಮಕ್ಕೋ ಹೋದವರಲ್ಲ. ಒಬ್ಬ ಮನುಷ್ಯನನ್ನು ಹುಡುಕಿ, ಅವನಿಗೆ ‘ನೀನು ಕಳ್ಳ ಅಲ್ಲ’ ಎಂದು ಹೇಳಿಬರಲು ಹೋಗಿದ್ದೆವು.

ನಾನು ಬೆಟಗೇರಿಯ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಒಮ್ಮೆ ಅಕ್ಕೋರು ಆದರೆ ತೀರಿತು, ಸ್ವಂತ ಹೆಸರನ್ನು ಪಗಾರದ ದಿನ ಮಾತ್ರ ಕೇಳಬೇಕು. ಓಣಿಯಲ್ಲಿ ಕಾಯಿಪಲ್ಲೆ ಮಾರುವವಳಿಂದ ಹಿಡಿದು ಮಗ್ಗದಲ್ಲಿ ಕೂತ ನನ್ನ ಗಂಡನವರೆಗೆ ಎಲ್ಲರೂ ನನ್ನನ್ನು ‘ಅಕ್ಕೋರ’ ಎಂದೇ ಕರೆಯುವುದು. ಗಂಡ ಹಾಗೆ ಕರೆಯುವಾಗ ದನಿಯಲ್ಲಿ ಸ್ವಲ್ಪ ಕುಚೇಷ್ಟೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ನೇಕಾರರ ಓಣಿಗೆ ರಾತ್ರಿ ಗಸ್ತಿನ ಗೂರ್ಖಾ ಒಬ್ಬನಿದ್ದ. ಬಹಾದ್ದೂರ. ಮೀಸೆ ಮೂಡುವ ವಯಸ್ಸಿಗೆ ಬಂದವನು, ನಮ್ಮ ಕಣ್ಣೆದುರೇ ಗಟ್ಟಿಮುಟ್ಟಾದ ಗಂಡಸಾದ. ಕನ್ನಡವನ್ನು ಓಣಿಯಲ್ಲೇ ಕಲಿತ. ಎಲ್ಲರೂ ಅವನಿಗೆ ‘ಬಾರಲೇ, ಹೋಗಲೇ’ ಅನ್ನುತ್ತಿದ್ದರಾದ್ದರಿಂದ ಅದೇ ಮರ್ಯಾದೆಯ ಮಾತೆಂದು ತಿಳಿದು, ಸಾಹುಕಾರರಿಗೆ ‘ಲೇ ಸಾವಕಾರ’ ಎಂದು ಸಲಾಮು ಹೊಡೆದ. ನಾನು ಕೂಡಿಸಿಕೊಂಡು ‘ರಿ’ ಹಚ್ಚಿ ಮಾತಾಡಬೇಕೆಂದು ಕಲಿಸಿದೆ. ಅಂದಿನಿಂದ ಯಾರಿಗೂ ತಪ್ಪಬಾರದೆಂದು ನಾಯಿಗಳಿಗೂ ‘ಹೋಗ್ರಿ, ಹೋಗ್ರಿ’ ಎನ್ನತೊಡಗಿದ. ಒಮ್ಮೆ ನನ್ನ ತವರಾದ ಡಂಬಳಕ್ಕೆ ಕರೆದೊಯ್ದು, ಕೆರೆಯ ಏರಿಯ ಮೇಲೆ ನಿಲ್ಲಿಸಿ, ಕಪ್ಪತಗುಡ್ಡವನ್ನು ಹೆಮ್ಮೆಯಿಂದ ತೋರಿಸಿದೆ. ಬಹಳ ಹೊತ್ತು ಅತ್ತ ನೋಡಿ ಕೇಳಿದ, “ಅಕ್ಕೋರ, ಗುಡ್ಡ ಎಲ್ಲಿ ಐತ್ರಿ?”

ಇಂಥವನ ಮೇಲೆ ಒಂದು ಬೇಸಿಗೆಯಲ್ಲಿ ಕಳವಿನ ಮಾತು ಬಂತು. ಎದುರುಮನೆ ಗೌರವ್ವನ ಮನೆಯಲ್ಲಿ ಮದುವೆಯವರಿಗೆಂದು ನೇಯ್ದಿಟ್ಟ ಸೀರೆಗಳ ಗಂಟು ಕಾಣೆಯಾಯಿತು. ರಾತ್ರಿ ಓಣಿಯಲ್ಲಿ ತಿರುಗಾಡುವವನು ಇನ್ನಾರು? ನಾಲ್ಕು ಜನ ಸೇರಿ ಅವನ ತಗಡಿನ ಪೆಟ್ಟಿಗೆಯನ್ನು ನಡುಬೀದಿಯಲ್ಲಿ ಬೋರಲು ಹಾಕಿದರು. ಒಳಗೆ ಒಂದು ಸ್ವೆಟರು, ಒಂದು ಕನ್ನಡಿ, ನಾನು ಕೊಟ್ಟ ಅಂಕಲಿಪಿ.

“ಅವ ಒಯ್ದಿದ್ರ ಇಲ್ಲೇ ಕುಂತು ಚಾ ಕುಡೀತಿದ್ನೇನ್ರಿ? ಸ್ವಲ್ಪ ಖಬರ್ ಇಟ್ಟು ಮಾತಾಡ್ರಿ!” ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಶಾಲೆಯಲ್ಲಿ ನನ್ನ ದನಿಗೆ ಹೆದರುವ ಹುಡುಗರ ಅಪ್ಪಂದಿರು ಒಬ್ಬರೂ ಕೇಳಲಿಲ್ಲ. ಮರುದಿನ ಅವನ ಸೀಟಿ ದೀಪದ ಕಂಬಕ್ಕೆ ನೇತಾಡುತ್ತಿತ್ತು, ಅವನು ಇರಲಿಲ್ಲ.

ಚಳಿಗಾಲ ಬಂತು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಗಳನ್ನು ನಮ್ಮಲ್ಲಿ ಚಳಿ ಬಿದ್ದಾಗಲೇ ಅಟ್ಟದಿಂದ ಇಳಿಸುವುದು. ಗೌರವ್ವ ಇಳಿಸಿದಳು, ಝಾಡಿಸಿದಳು, ಮಡಿಕೆಯೊಳಗಿಂದ ಸೀರೆಗಳು ಬುಳಬುಳನೆ ಬಿದ್ದವು. ಇಲಿಗಳಿಗೆ ಹೆದರಿ ತಾನೇ ಸೇರಿಸಿಟ್ಟು ಮರೆತಿದ್ದಳು. ಮುದುಕಿ ಹೊಸ್ತಿಲ ಮೇಲೆ ಕೂತು ಹಣೆ ಹಣೆ ಬಡಿದುಕೊಂಡಳು.

“ಒಬ್ಬ ಮನಿಷ್ಯಾನ ಹೆಸರ ಕೆಡಿಸಿಬಿಟ್ವೆಲ್ಲ ಅಕ್ಕೋರ. ಅಂವಗ ಹೆಂಗ ಹೇಳೂದು?”

ಕಾರ್ಡು ಬರೆಯೋಣವೆಂದು ಕೂತೆ. ಬಹಾದ್ದೂರ, ಪಾಲ್ಪಾ, ನೇಪಾಳ. ಅದಕ್ಕಿಂತ ಹೆಚ್ಚಿಗೆ ಯಾರಿಗೂ ಗೊತ್ತಿರಲಿಲ್ಲ. ಗೌರವ್ವ ಕಾರ್ಡಿನ ಮಾತನ್ನು ಬದಿಗೆ ಸರಿಸಿ, ಓಣಿಯ ಪ್ರತಿ ಮನೆಯಿಂದ ಒಂದೊಂದು ಸೀರೆಯ ತುಂಡು ಬೇಡಿ ತಂದು ಹೊಸ ಕೌದಿ ಹೊಲಿದಳು. ಬೇಸಿಗೆ, ಮಳೆಗಾಲ ಎರಡೂ ಅದಕ್ಕೇ ಹೋದವು. ಕಡೆಗೆ ಅದನ್ನು ನನ್ನ ತೊಡೆಯ ಮೇಲಿಟ್ಟು, “ಅಕ್ಟೋಬರ್ ಸೂಟಿ ಬಂತಲ್ರಿ. ಅಂವನ ಮೈಮ್ಯಾಲ ಹೊಚ್ಚಿ ಬರ್ರಿ” ಎಂದಳು. ಹೇಳಿದ್ದು ಹುಬ್ಬಳ್ಳಿಗೆ ಹೋಗಿಬಾ ಎನ್ನುವಷ್ಟು ಸಲೀಸಾಗಿ.

ಗಡಿ

ರೈಲುಗಳ ಪುರಾಣ ಬಿಡುತ್ತೇನೆ. ಕಟಿ ರೊಟ್ಟಿ, ಶೇಂಗಾ ಚಟ್ನಿ ಕೈಬಿಡಲಿಲ್ಲ. ನಾವಿಬ್ಬರೂ ಜಗಳವಾಡುತ್ತಲೇ ಗೋರಖಪುರ ದಾಟಿದೆವು ಎಂದರೆ ಸಾಕು. ದಾರಿಯುದ್ದಕ್ಕೂ ಕೌದಿಗೆ ಇರುವೆ ಹತ್ತುತ್ತಿತ್ತು. ಅದೇಕೆಂದು ನನಗೆ ತಿಳಿದಿತ್ತು, ಗಡಿಯ ಸುಂಕದವನಿಗೆ ತಿಳಿದಿರಲಿಲ್ಲ.

ಅವನು ಗಂಟನ್ನು ಒತ್ತಿ ಒತ್ತಿ ನೋಡಿ ಒಂದು ಕಡೆ ಕೈ ನಿಲ್ಲಿಸಿದ. ಒಳಗೆ ಗಟ್ಟಿಯಾದದ್ದೇನೋ ಇದೆ. “ಇದರಲ್ಲೇನು?” ಎಂದು ಹಿಂದಿಯಲ್ಲಿ ಗದರಿಸಿದ. ನಮ್ಮಲ್ಲಿ ಕೌದಿಗೆ ಕೊನೆಯ ಹೊಲಿಗೆ ಹಾಕುವ ಮುನ್ನ ಒಳಗೊಂದು ರೊಟ್ಟಿಯ ಚೂರು, ಒಂದು ಬೆಲ್ಲದ ಹರಳು ಇಟ್ಟು ಅದರ ಹೊಟ್ಟೆ ತುಂಬಿಸುವ ರೂಢಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಗೌರವ್ವ ತನ್ನ ತಪ್ಪು ದೊಡ್ಡದೆಂದು ಲಿಂಬೆಹಣ್ಣಿನ ಗಾತ್ರದ ಬೆಲ್ಲವನ್ನೇ ಇಟ್ಟಿದ್ದಳು. ಇದನ್ನೆಲ್ಲ ಹೇಳುವಷ್ಟು ಹಿಂದಿ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. “ಸಾಹೇಬ್, ಈ ಕೌದಿ ಊಟ ಮಾಡಿದೆ” ಎಂದುಬಿಟ್ಟೆ.

ಅವನು ನನ್ನ ಮುಖ ನೋಡಿದ. ನನ್ನ ಗಂಡನ ಮುಖ ನೋಡಿದ. ಬಿಚ್ಚಲು ಚಾಕು ಕೇಳಿದ. ಆಗ ನಾನು ಮಾಸ್ತರಿಕೆಯ ಗತ್ತಿನಲ್ಲಿ ಕೈ ಅಡ್ಡ ಹಿಡಿದು, ಯಾರಿಗಾಗಿ ಹೊಲಿದದ್ದು, ಏಕೆ ಒಯ್ಯುತ್ತಿದ್ದೇವೆ, ಎಲ್ಲವನ್ನೂ ಒಡಕು ಹಿಂದಿಯಲ್ಲಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಚಾಕು ಕೆಳಗಿಳಿಯಿತು. ಒಳಗಿನವರನ್ನೆಲ್ಲ ಕರೆದು ಊಟ ಮಾಡಿದ ಕೌದಿಯನ್ನು ತೋರಿಸಿದ. ಒಬ್ಬ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಸುಂಕದವನು ಗಂಟನ್ನು ತಾನೇ ನಮಗಿಂತ ಬಿಗಿಯಾಗಿ ಕಟ್ಟಿಕೊಟ್ಟು, “ಯಾರನ್ನು ಹುಡುಕುತ್ತೀರಿ?” ಎಂದ. ಬಹಾದ್ದೂರ ಎಂದೆ. ಅವನು ನಗಲು ಸುರು ಮಾಡಿದವನು ನಮ್ಮ ಬಸ್ಸು ಹೊರಡುವವರೆಗೆ ನಗುತ್ತಲೇ ಇದ್ದ. ಆ ನಗೆಯ ಅರ್ಥ ಮರುದಿನ ತಿಳಿಯಿತು.

ತಾನ್ಸೇನ್

ಪಾಲ್ಪಾ ಜಿಲ್ಲೆಗೆ ತಾನ್ಸೇನ್ ದೊಡ್ಡ ಊರು. ದೊಡ್ಡದೆಂದರೆ, ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು. ಒಬ್ಬರ ಅಂಗಳ ಇನ್ನೊಬ್ಬರ ಮಾಳಿಗೆಯ ಎತ್ತರಕ್ಕೆ. ಬಸ್ಸು ಸುತ್ತಿ ಸುತ್ತಿ ಏರುವಾಗಲೇ ನಾನು ಕಪ್ಪತಗುಡ್ಡದ ವಿಷಯದಲ್ಲಿ ಮನಸ್ಸಿನಲ್ಲೇ ಬಹಾದ್ದೂರನ ಮಾತಿಗೆ ಒಪ್ಪಿಕೊಂಡಿದ್ದೆ.

ಚಹಾದಂಗಡಿಗೆ ಹೋಗಿ, “ಇಲ್ಲಿ ಬಹಾದ್ದೂರ ಯಾರು ಗೊತ್ತೇ?” ಎಂದು ಕೇಳಿದೆ. ಬೆಂಚಿನಿಂದ ಮೂವರು ಎದ್ದುನಿಂತರು. ನಾಲ್ಕನೆಯವನು ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದ, ಅಂಗಡಿಯ ಮಾಲೀಕ. ಅವನೂ ಬಹಾದ್ದೂರನೇ. ಆ ಸೀಮೆಯಲ್ಲಿ ಪ್ರತಿ ಮನೆಗೊಬ್ಬ ಹೆಸರಿನ ಹಿಂದೆ ಬಹಾದ್ದೂರ ಹಚ್ಚಿಕೊಂಡವನಿರುತ್ತಾನೆ. ಯಾರೋ ನಮ್ಮ ಗದಗಿಗೆ ಬಂದು ‘ಅಪ್ಪ ಎಂಬಾತನ ಮನೆ ಎಲ್ಲಿ’ ಎಂದು ಕೇಳಿದ ಹಾಗಾಯಿತು. ವರ್ಷವರ್ಷ ಹಾಜರಿ ಕೂಗುವ ನಾನು, ಅಷ್ಟು ದಿನ ಒಂದೇ ಓಣಿಯಲ್ಲಿದ್ದವನ ಪೂರ್ತಿ ಹೆಸರು ಕೇಳಿರಲಿಲ್ಲ. ಓಣಿಯೆಲ್ಲ ಸೇರಿ ಯಾವ ಹೆಸರನ್ನು ಕೆಡಿಸಿದೆವೋ ಆ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಬಹಾದ್ದೂರರಿಗೆ ಬೇಸರವಿಲ್ಲ. ನಾಲ್ವರೂ ತಮ್ಮ ತಮ್ಮ ಕೆಲಸ ಬಿಟ್ಟು ನಮ್ಮ ಕೆಲಸಕ್ಕೆ ಕೂತರು. ಏನು ಗುರುತು? ಊರ ಮುಂದೆ ಅರಳಿಮರ, ಕಲ್ಲಿನ ಕಟ್ಟೆ, ದಸರೆಗೆ ಬಿದಿರಿನ ಜೋಕಾಲಿ ಎಂದೆ. ನಮ್ಮ ಪಂಚಮಿಯ ಜೋಕಾಲಿ ನೋಡಿದಾಗ ಅವನು ಹೇಳಿದ್ದ ಮಾತು. ಅಂಗಡಿಯ ಬಹಾದ್ದೂರ ನನ್ನನ್ನು ಹೊರಗೆ ಕರೆದು ಎದುರಿನ ಗುಡ್ಡಗಳನ್ನು ತೋರಿಸಿದ. ಕಣ್ಣು ಹಾಯಿಸಿದ ಕಡೆಯೆಲ್ಲ ಅರಳಿಮರ, ಕಟ್ಟೆ, ಜೋಕಾಲಿ.

ಇಷ್ಟರಲ್ಲಿ ಇನ್ನೊಂದು ಫಜೀತಿ. ಅಲ್ಲಿಯ ಜನ ಭೇಟಿಯಾದೊಡನೆ ಕೇಳುವುದು ‘ಅನ್ನ ಉಂಡಿರಾ?’ ಎಂದು. ನಮ್ಮಲ್ಲಿಯೂ ‘ಊಟ ಆತೇನ್ರಿ?’ ಎನ್ನುತ್ತೇವಲ್ಲ, ಹಸಿದಿದ್ದರೂ ‘ಆತ್ರಿ’ ಎಂದು ಮುಂದೆ ಹೋಗುತ್ತೇವಲ್ಲ, ಹಾಗೆ. ನನ್ನ ಗಂಡ ಪರದೇಶದಲ್ಲಿ ಸುಳ್ಳು ಹೇಳಬಾರದೆಂದು ‘ಇಲ್ಲ’ ಎಂದುಬಿಟ್ಟರು. ತಕ್ಷಣ ಒಬ್ಬ ಬಹಾದ್ದೂರನ ಮನೆಯಲ್ಲಿ ಅನ್ನ, ಬೇಳೆ, ಸೊಪ್ಪು. ಎರಡನೆಯವನು ಮುನಿಸಿಕೊಂಡದ್ದಕ್ಕೆ ಅವನ ಮನೆಯಲ್ಲಿಯೂ ಅದೇ. ಮೂರನೆಯ ಮನೆಯಲ್ಲಿ ಗಂಡ ಗೋಡೆಗೊರಗಿ ಕಣ್ಣುಮುಚ್ಚಿದರು. ಆ ಮನೆಯ ಅಜ್ಜಿಗೇ ಒಂದು ಸುಳಿವು ಗೊತ್ತಿತ್ತು: ನದಿಯ ಕಡೆ ಇಳಿದು ಆಚೆ ಏರಿದರೆ, ಒಂದೂವರೆ ವರ್ಷದ ಕೆಳಗೆ ‘ಕರ್ನಾಟಕ’ದಿಂದ ಬೇಸರ ಮಾಡಿಕೊಂಡು ಮರಳಿದವನೊಬ್ಬ ಇದ್ದಾನೆ.

ಬೇಸರ ಎಂಬ ಮಾತನ್ನು ಅಜ್ಜಿಯಿಂದ ಇನ್ನೊಮ್ಮೆ ಹೇಳಿಸಿ ಕೇಳಿದೆ. ಅವನನ್ನು ಹುಡುಕುವುದಷ್ಟೇ ಕಷ್ಟ ಎಂದುಕೊಂಡಿದ್ದೆ. ಸಿಕ್ಕಮೇಲೆ ಅವನು ನಮ್ಮ ಮುಖ ನೋಡುತ್ತಾನೆಯೇ ಎಂದು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಏರು

ನದಿ ದಾಟಿ ಏರುವಾಗ, ಹಿಂದಿನಿಂದ ಬಂದ ಹೆಂಗಸೊಬ್ಬಳು ಒಂದೂ ಮಾತಾಡದೆ ನನ್ನ ಹೆಗಲಿನ ಕೌದಿಯ ಗಂಟನ್ನು ತೆಗೆದುಕೊಂಡು, ಹಣೆಗೆ ಹಗ್ಗದ ಪಟ್ಟಿ ಹಾಕಿ ಬೆನ್ನಿಗಿಳಿಬಿಟ್ಟು, ಮೇಕೆಯ ಹಾಗೆ ಸರಸರನೆ ಹತ್ತಿ ತಿರುವಿನಲ್ಲಿ ಮಾಯವಾದಳು. ನನಗಿಂತ ಬಹಳ ಕೆಳಗೆ ಏದುಸಿರು ಬಿಡುತ್ತಿದ್ದ ಗಂಡ ಅದನ್ನು ಕಂಡು ಬೊಬ್ಬೆ ಹೊಡೆದರು.

“ಅಕ್ಕೋರ! ಏ ಅಕ್ಕೋರ! ಗಂಟು ಹೋತು! ಕಳುವಾತು!”

“ಹಜೂರ್!” ಎಂದು ಮೇಲಿನಿಂದ ಒಂದು ಎಳೆಯ ದನಿ ಬಂತು.

ನಾನು ನಿಂತುಬಿಟ್ಟೆ. ದಿನಾ ನಾನು ಹೆಸರು ಕೂಗಿದರೆ ಮಕ್ಕಳು ‘ಹಾಜರ್’ ಎನ್ನುತ್ತವೆ. ಇಲ್ಲಿ ನನ್ನನ್ನು ಕೂಗಿದರೆ ಗುಡ್ಡ ಹಾಜರಿ ಹೇಳುತ್ತಿದೆಯಲ್ಲ! ಮೇಲಿನ ಗದ್ದೆಯ ಅಂಚಿನಲ್ಲಿ ಆರೇಳು ವರ್ಷದ ಹುಡುಗಿಯೊಬ್ಬಳು ಹುಲ್ಲಿನ ಬುಟ್ಟಿ ಹಿಡಿದು ನಿಂತು, ಯಾರು ಕರೆದರು ಎಂದು ಕೆಳಗೆ ನೋಡುತ್ತಿದ್ದಳು.

ಹತ್ತಿರ ಹೋಗಿ ಕೇಳಿದೆ. ಅವಳಿಗೆ ಹಿಂದಿ ಬಾರದು. ಎದೆ ಮುಟ್ಟಿಕೊಂಡು, “ಅಕ್ಕೋರ” ಎಂದಳು. ನಾನೂ ನನ್ನ ಎದೆ ಮುಟ್ಟಿಕೊಂಡು, “ಅಕ್ಕೋರ” ಎಂದೆ. ತನ್ನ ಹೆಸರನ್ನು ಕದಿಯಲು ಬಂದವಳೇನೋ ಎಂಬಂತೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟಳು. ಈ ಭೂಮಿಯ ಮೇಲೆ ಆ ಶಬ್ದ ಕಲಿತ ಪರದೇಶಿ ಒಬ್ಬನೇ. ನಮಗೆ ಮನೆ ಸಿಕ್ಕಿತ್ತು.

ಗಂಟು ಹೊತ್ತೊಯ್ದ ಹೆಂಗಸು ಅರಳಿಮರದ ಕಟ್ಟೆಯ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಕೂತು ನಮ್ಮ ದಾರಿ ಕಾಯುತ್ತಿದ್ದಳು. ಪರಸ್ಥಳದವರು ಏರುವುದು ಕಂಡರೆ ಭಾರ ಇಸಿದುಕೊಳ್ಳುವುದು ಅಲ್ಲಿಯ ಪದ್ಧತಿ. ಗಂಡ ಹತ್ತಿಬಂದು ಗಂಟನ್ನು ನೋಡಿ, ಅವಳನ್ನು ನೋಡಿ, ತಲೆ ತಗ್ಗಿಸಿದರು.

“ಬೆಟಗೇರಿ ಬುದ್ಧಿ ಇಲ್ಲಿಗೂ ತಂದ್ರೇನ್ರಿ?” ಎಂದೆ.

“ಬಾಯಿ ತಪ್ಪಿ ಬಂತು ಅಕ್ಕೋರ” ಎಂದರು. ಆ ಹೆಂಗಸಿಗೆ ಎರಡೂ ಕೈ ಎತ್ತಿ ಮುಗಿದರು. ಅವಳು ಏಕೆಂದು ತಿಳಿಯದೆ ನಕ್ಕಳು.

ಕಟ್ಟೆ

ಹುಡುಗಿ ಒಳಗೆ ಓಡಿ ಏನು ಹೇಳಿದಳೋ, ಮನೆಮನೆಯಿಂದ ಜನ ಬಂದರು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದರು. ಹಿತ್ತಾಳೆಯ ತಂಬಿಗೆಯಲ್ಲಿ ನೀರು ಬಂತು. ಚೆಂಡುಹೂವಿನ ಮಾಲೆ ಬಂತು. ಟೋಪಿ ಹಾಕಿದ ಒಬ್ಬ ಮುದುಕ, ಹುಡುಗಿಯ ಅಜ್ಜ, ಮೊಸರಿನಲ್ಲಿ ಕಲಸಿದ ಕೆಂಪು ಅಕ್ಕಿಯನ್ನು ನಮ್ಮ ಹಣೆಗೆ ಒತ್ತಿ, ಕಿವಿಯ ಹಿಂದೆ ಹಳದಿ ಸಸಿ ಸಿಕ್ಕಿಸಿದ. ನಮ್ಮಲ್ಲಿಯೂ ದಸರೆಗೆ ಘಟದ ಸಸಿಯನ್ನು ಹಿರಿಯರು ಹೀಗೇ ಟೋಪಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅದನ್ನು ಹೇಳಲು ಹೋದೆ, ಆದರೆ ಮುದುಕ ನಗಲಿಲ್ಲ. ಯಾರೂ ನಗುತ್ತಿರಲಿಲ್ಲ. ಸತ್ಕಾರದಲ್ಲಿ ಒಂದಿನಿತೂ ಕೊರತೆಯಿಲ್ಲ, ಆದರೆ ಇಡೀ ಊರು ಉಸಿರು ಬಿಗಿಹಿಡಿದು ನಿಂತಂತಿತ್ತು.

ನಾವು ನೀರು ಕುಡಿದು ತಂಬಿಗೆ ಕೆಳಗಿಟ್ಟ ಮೇಲೆ ಮುದುಕ ಗದ್ದೆಯ ಕಡೆ ತಿರುಗಿ ಕೂಗಿದ, “ಏ ಜಸಮಾನ್!”

ಯಾರಿವನು ಜಸಮಾನ್ ಎಂದು ನೋಡುತ್ತಿದ್ದೆ. ಕುಡುಗೋಲು ಹಿಡಿದು ಮೇಲೆ ಬಂದವನು ನಮ್ಮ ಬಹಾದ್ದೂರ.

ನಮ್ಮನ್ನು ಕಂಡು ಅಲ್ಲೇ ನಿಂತ. ಕೈ ಮುಗಿಯಲಿಲ್ಲ, ಹತ್ತಿರ ಬರಲಿಲ್ಲ. ಕೇಳಿದ್ದು ಒಂದೇ ಮಾತು.

“ಸೀರಿ ಸಿಕ್ಕುವೇನ್ರಿ, ಅಕ್ಕೋರ?”

“ಸಿಕ್ಕುವೋ ಯಪ್ಪಾ” ಎಂದೆ. “ಗೌರವ್ವ ತಾನ ಕೌದ್ಯಾಗ ಇಟ್ಟು ಮರತಿದ್ಲು. ನೀ ಕಳ್ಳ ಅಲ್ಲ. ಓಣಿಯವ್ರೆಲ್ಲಾ ತಪ್ಪಾತು ಅಂತ ಹೇಳಿ ಕಳಿಸ್ಯಾರ. ಅದನ್ನ ಹೇಳಾಕ ಬಂದೀವಿ.”

ಅವನು ಕುಡುಗೋಲನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತ. ಆಮೇಲೆ ತಲೆಯೆತ್ತಿ ತನ್ನ ಭಾಷೆಯಲ್ಲಿ ಅಪ್ಪನಿಗೆ ಹೇಳಿದ. ಅಪ್ಪ ಕೈ ಮಾಡಿ, ಇನ್ನೊಮ್ಮೆ ಹೇಳು, ಗಟ್ಟಿಯಾಗಿ ಹೇಳು ಎಂದ. ಮಗ ಕಟ್ಟೆಯ ತುದಿಗೆ ಹೋಗಿ ನಿಂತು, ಕೆಳಗಿನ ಗದ್ದೆಗಳಿಗೆಲ್ಲ ಕೇಳುವಂತೆ ಕೂಗಿ ಹೇಳಿದ. ಕೆಳಗೆಲ್ಲಿಂದಲೋ ಒಬ್ಬ ಓಗೊಟ್ಟ, ಅವನಿಗೂ ಕೆಳಗಿನಿಂದ ಇನ್ನೊಬ್ಬ. ಹೆಂಗಸರು ಒಮ್ಮೆಲೇ ಮಾತಾಡತೊಡಗಿದರು. ಮುದುಕ ಬಂದು ನನ್ನ ಗಂಡನ ಪಕ್ಕದಲ್ಲಿ ಕೂತು ತನ್ನ ಚಿಲುಮೆ ಕೊಟ್ಟ. ಎಂದೂ ಸೇದದ ಗಂಡ ಮರ್ಯಾದೆಗೆ ಒಂದು ದಮ್ಮು ಎಳೆದು ಕಣ್ಣುಗುಡ್ಡೆ ಹೊರಬರುವಂತೆ ಕೆಮ್ಮಿದರು. ಆಗ ಊರು ನಕ್ಕಿತು.

“ಕಳವಿನ ಮಾತು ಇವ್ರಿಗೆಲ್ಲಾ ಮೊದಲ ಗೊತ್ತಿತ್ತೇನು?” ಎಂದು ಕೇಳಿದೆ.

“ಗೊತ್ತಿತ್ರಿ. ನಾನ ಹೇಳಿದ್ದೆ. ಅಕ್ಕೋರ ಅನ್ನಾವ್ರು ಬಂದಾರ ಅಂತ ಮಗಳು ಹೇಳಿದ ಕೂಡಲೇ, ನೀವು ಆ ಊರವ್ರು ಅಂತ ಅಪ್ಪಗ ಖಬರಾತು. ಮನಿಗೆ ಬಂದವ್ರಿಗೆ ಮೊದ್ಲ ನೀರು ಕೊಡೂದು, ಮಾತು ಆಮ್ಯಾಲೆ ಕೇಳೂದು ಅಂದ.”

ತನ್ನ ಮಗನ ಪೆಟ್ಟಿಗೆಯನ್ನು ಬೀದಿಯಲ್ಲಿ ಸುರುವಿದ ಊರಿನವರು ಎಂದು ತಿಳಿದೂ ಆ ಮುದುಕ ನಮ್ಮ ಹಣೆಗೆ ಅಕ್ಕಿ ಒತ್ತಿದ್ದ. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಇವತ್ತಿಗೂ ಆ ಮನೆಯ ನೀರನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ.

ಕೌದಿ ಬಿಚ್ಚಿ ಹಾಸಿದೆವು. ಜಸಮಾನ್ ಮೊಣಕಾಲೂರಿ ಒಂದೊಂದೇ ತುಂಡನ್ನು ಮುಟ್ಟಿ, “ಇದು ಮೂಲಿಮನಿ ನೀಲವ್ವಂದು. ಇದು ಗಿರಣಿಯವ್ರದು. ಇದು ಗೌರವ್ವಂದು” ಎಂದು ಹೇಳುತ್ತ ಹೋದ. ನಸುಕಿನಲ್ಲಿ ಗಸ್ತು ಮುಗಿಸುವಾಗ ಓಣಿಯ ಹಗ್ಗಗಳ ಮೇಲೆ ವರ್ಷಗಟ್ಟಲೆ ನೋಡಿದ ಸೀರೆಗಳು. ಬೆಲ್ಲದ ಗಂಟು ಕೈಗೆ ಹತ್ತಿದಾಗ ಮಗಳನ್ನು ಕರೆದು ಅವಳ ಕೈಯನ್ನೂ ಅದರ ಮೇಲಿಡಿಸಿದ.

“ಅಲ್ಲೋ, ಮಗಳಿಗೆ ಇದೆಂಥಾ ಹೆಸರಿಟ್ಟಿ?” ಎಂದೆ.

“ನಿಮ್ಮ ಹೆಸರರೀ! ಆಕಿ ಹುಟ್ಟಿದ ಸುದ್ದಿ ಬಂದಾಗ ನಾ ಬೆಟಗೇರ್ಯಾಗಿದ್ದೆ. ಊರಿಗೆ ಬಂದ ಮ್ಯಾಲೆ, ಆ ಊರಿನ ಹೆಸರು ಬ್ಯಾಡ, ತಗದು ಹಾಕು ಅಂತ ಅವ್ವ ಹಟ ಹಿಡಿದ್ಲು. ನಾ ತಗೀಲಿಲ್ಲ. ಅವತ್ತ ನನ್ನ ಪರ ಮಾತಾಡಿದ ಹೆಸರು ಅದೊಂದ ಇತ್ತಲ್ರಿ.”

ಅದು ನನ್ನ ಹೆಸರಲ್ಲ, ಸಾಲಿ ಕಲಿಸುವ ಹೆಂಗಸರಿಗೆಲ್ಲ ಹಾಗೆನ್ನುತ್ತಾರೆ ಎಂದು ಹೇಳಲೇಬೇಕಾಯಿತು. ಅವನು ಬಾಯಿ ತೆರೆದು ನನ್ನನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

“ಹಂಗಾರ ನಿಮ್ಮ ಹೆಸರೇನ್ರಿ?”

“ಶಾಂತವ್ವ.”

“ಹೆಸರಷ್ಟ ಶಾಂತ” ಎಂದು ಚಿಲುಮೆಯ ಕಡೆಯಿಂದ ಗಂಡನ ದನಿ ಬಂತು.

ಜಸ ಅಂದರೆ ಯಶಸ್ಸು, ಮಾನ ಅಂದರೆ ನಮ್ಮ ಮಾನವೇ ಎಂದು ಅವನು ತನ್ನ ಹೆಸರು ಬಿಡಿಸಿ ಹೇಳಿದ. ಅವನ ತಾಯಿಗೆ ಮೊಮ್ಮಗಳ ಹೆಸರಿನ ಅರ್ಥ ತಿಳಿಸಿದಾಗ, ಮುದುಕಿ ಹುಡುಗಿಯ ಕೈಯಿಂದ ಹುಲ್ಲಿನ ಬುಟ್ಟಿ ಇಸಿದುಕೊಂಡು ಏನೋ ಅಂದಳು. “ಹಂಗಿದ್ರ ಇನ್ನ ಇಕಿನ್ನ ಸಾಲಿಗೆ ಕಳಸಬೇಕಾತಲ್ಲ ಅಂತಾಳ್ರಿ” ಎಂದು ಜಸಮಾನ್ ಹೇಳಿದ.

ಇಳಿಜಾರು

ಸೂಟಿ ಮುಗಿಯುತ್ತ ಬಂದಾಗ ಹೊರಟೆವು. ಮರಳಿ ಬೆಟಗೇರಿಗೆ ಬಾ ಎಂದು ಜಸಮಾನನನ್ನು ಕರೆದೆ. ಅಪ್ಪನಿಗೆ ವಯಸ್ಸಾಯಿತು, ಇನ್ನು ಇಲ್ಲೇ ಎಂದ. ಒತ್ತಾಯಿಸಲಿಲ್ಲ. ತಿರುವಿನವರೆಗೆ ಇಳಿದಿದ್ದೆವು, ಮೇಲಿನಿಂದ “ಅಕ್ಕೋರ!” ಎಂದು ಕೂಗು ಬಂತು. ನಾನು ತಿರುಗಿ “ಹಜೂರ್!” ಎಂದೆ. ಕರೆದದ್ದು ನನ್ನನ್ನಲ್ಲ, ನಮ್ಮ ಬೆನ್ನಿಗೇ ಇಳಿದುಬರುತ್ತಿದ್ದ ಮಗಳನ್ನು. ಅವಳು ನನ್ನ ಕಡೆ ಒಮ್ಮೆ ನೋಡಿ ನಗುತ್ತ ಮೇಲಕ್ಕೆ ಓಡಿದಳು.

ಹೊರಡುವಾಗ ಅವನು ಹೇಳಿದ್ದು ಇಷ್ಟೇ: “ಓಣ್ಯಾಗ ನನ್ನ ಹೆಸರು ಹೇಳ್ರಿ.”

ಮತ್ತೆ ಬೆಟಗೇರಿ

ಗಾಡಿಯಿಂದಿಳಿದು ಓಣಿಗೆ ಬಂದಾಗ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಜನ ನಮ್ಮ ಕಟ್ಟೆಯ ಸುತ್ತ ಕೂಡಿದರು. ಗುಡ್ಡದ ಬಗ್ಗೆ ಯಾರೂ ಕೇಳಲಿಲ್ಲ.

“ಬಹಾದ್ದೂರ ಏನಂದ್ರಿ, ಅಕ್ಕೋರ?” ಎಂದಳು ಗೌರವ್ವ, ಗೋಡೆ ಹಿಡಿದು ನಿಂತು.

“ಅಂವನ ಹೆಸರು ಬಹಾದ್ದೂರ ಅಲ್ಲ” ಎಂದೆ. ಕೈಕಾಲು ತೊಳೆಯುವ ಮೊದಲೇ ಅವರೆಲ್ಲರನ್ನೂ ಒಂದನೆಯ ಇಯತ್ತೆಯ ಮಕ್ಕಳಂತೆ ನಿಲ್ಲಿಸಿಕೊಂಡೆ. “ಎಲ್ಲಾರೂ ನನ್ನ ಹಿಂದ ಅನ್ರಿ. ಜಸಮಾನ್.”

“ಜಸಮಾನ್” ಎಂದಿತು ಓಣಿ. ಅಂದು ಪೆಟ್ಟಿಗೆ ಬೋರಲು ಹಾಕಿದವರೂ ಅಂದರು, ಕೆಲವರು ನೆಲ ನೋಡುತ್ತ. ಗೌರವ್ವ ಮಾತ್ರ ಹಿಂದುಳಿದಳು. ಹಲ್ಲಿಲ್ಲದ ಬಾಯಲ್ಲಿ ಎರಡು ಸಲ ತಡವರಿಸಿದಳು. ಆಮೇಲೆ ಕಣ್ಣು ಮುಚ್ಚಿ, ಕೈ ಜೋಡಿಸಿ, ತನ್ನ ಮಕ್ಕಳ ಹೆಸರು ಹೇಳುವ ಹಾಗೆ ಹೇಳಿದಳು.

“ಜಸಮಾನಪ್ಪ.”

ನಾನು ತಿದ್ದಲಿಲ್ಲ.